ಹದಿನೈದು ದಾಟಿದೆ, ಐವತ್ತು ಮುಟ್ಟಿಲ್ಲ: ಹಳೆಯ ಸ್ಪೋರ್ಟ್ಸ್ ಕಾರಿಗೆ ಕಾನೂನು ಏನನ್ನುತ್ತದೆ?

ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಕಾರನ್ನು ತಂದಿತ್ತು. ಎರಡು ಬಾಗಿಲು, ಮಾಡು ಮಡಚಬಹುದಾದ ಫೈಬರ್ ಬಾಡಿ, ರೆನೋ ಎಂಜಿನ್. ಇಂದಿಗೂ ಅದನ್ನು ಸಾಕಿಕೊಂಡಿರುವವರು ‘ಕ್ಲಾಸಿಕ್’ ಎಂದು ಹೆಮ್ಮೆಪಡುತ್ತಾರೆ. ಆದರೆ ಮೋಟಾರು ವಾಹನ ಕಾಯ್ದೆಯಲ್ಲಿ ಕ್ಲಾಸಿಕ್ ಎಂಬ ವರ್ಗವೇ ಇಲ್ಲ. ಅದು ಲೆಕ್ಕಕ್ಕೆ ಹಿಡಿಯುವುದು ಹದಿನೈದು ವರ್ಷವನ್ನು, ಆಮೇಲೆ ಐವತ್ತನ್ನು. ನಡುವಿನ ಮೂವತ್ತೈದು ವರ್ಷ ನಿಮ್ಮ ಸ್ಪೋರ್ಟ್ಸ್ ಕಾರೂ ಪಕ್ಕದ ಮನೆಯ ಹಳೇ ಮಾರುತಿಯೂ ಒಂದೇ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಜನ ‘ಎಫ್‌ಸಿ ಮಾಡಿಸೋದು’ ಎನ್ನುವುದು ಇದನ್ನೇ. ಅವಧಿ ಮುಗಿಯುವ ಮುಂಚಿನ ಅರವತ್ತು ದಿನದೊಳಗೆ ನಮೂನೆ 25ರಲ್ಲಿ ಅರ್ಜಿ ಹಾಕಿ, ಕಾರನ್ನು ನಿರೀಕ್ಷಕರಿಗೆ ತೋರಿಸಿ, ಹಸಿರು ತೆರಿಗೆ ಕಟ್ಟಬೇಕು. 2025ರ ಆಗಸ್ಟ್‌ನ ತಿದ್ದುಪಡಿಯಿಂದ ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ, ವಿದೇಶದಿಂದ ತರಿಸಿದ್ದಾದರೆ 80,000. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಭಾನುವಾರ ಮಾತ್ರ ಹೊರಗೆ ತೆಗೆಯುವ ಕಾರಿಗೆ ಇದು ದುಬಾರಿಯೇ, ಒಪ್ಪೋಣ. ಹಾಗೆಂದು ಬಿಟ್ಟರೆ ನಷ್ಟ ಇನ್ನೂ ದೊಡ್ಡದು. ನೋಂದಣಿ ಸತ್ತ ಕಾರು ರಸ್ತೆಗಿಳಿದರೆ ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ. ಅದಕ್ಕಿಂತ ಹೆಚ್ಚಾಗಿ ವಿಮೆಯೇ ಕೈಕೊಡಬಹುದು: ತಾತ್ಕಾಲಿಕ ನೋಂದಣಿ ಮುಗಿದ ಮೇಲೂ ಓಡಿಸುತ್ತಿದ್ದ ಕಾರೊಂದು ಕಳುವಾದಾಗ ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಕೊಳ್ಳುವವರು ಬಾನೆಟ್ ಎತ್ತುವ ಮೊದಲು ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ತೀರದ ಸಾಲ ಎಲ್ಲವೂ ಅದರಲ್ಲಿ ಸಿಗುತ್ತದೆ. ಹೊರರಾಜ್ಯದ ಕಾರಾದರೆ ಎನ್‌ಒಸಿ ಕೈಗೆ ಬರದೆ ಮುಂಗಡ ಕೊಡಬೇಡಿ. ಮಾರುವವರಿಗೂ ಒಂದು ಮಾತು. ಮಾಲೀಕತ್ವ ವರ್ಗಾವಣೆಯ ನಮೂನೆ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಿತೆಂದು ಸುಮ್ಮನಾಗಬೇಡಿ, ಹೆಸರು ಬದಲಾಯಿತೇ ನೋಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂಬುದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು.

ಬಿಡಿಭಾಗ ಸಿಗದಾಗ ಬೇರೆ ಎಂಜಿನ್ ಕೂರಿಸಿಬಿಡೋಣ ಎಂಬ ಆಸೆ ಸಹಜ. ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಕಾರಿಗೂ ತಾಳೆ ತಪ್ಪಬಾರದು. ಅದೇ ಮಾದರಿಯ ಎಂಜಿನ್ ಆದರೂ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು; ಬಣ್ಣ ಬದಲಿಸಿದರೂ ದಾಖಲಾಗಬೇಕು. ಕಳ್ಳ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಹಳೇ ಕಾರಿನವರ ನಿಜವಾದ ಸಂಕಟ ಹೆಚ್ಚಾಗಿ ಇರುವುದು ಆರ್‌ಟಿಒದಲ್ಲಲ್ಲ, ಗ್ಯಾರೇಜಿನಲ್ಲಿ. ಆರು ತಿಂಗಳೆಂದು ಬಿಚ್ಚಿದ ಕಾರು ಮೂರು ವರ್ಷ ಮೂಲೆಯಲ್ಲಿ ನಿಂತಿರುತ್ತದೆ, ಮೂಲ ಕಾರ್ಬ್ಯುರೇಟರ್ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. 1872ರ ಒಪ್ಪಂದ ಕಾಯ್ದೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾರು ವಶಕ್ಕೆ ಪಡೆದ ಮೆಕ್ಯಾನಿಕ್ ಅದನ್ನು ತನ್ನದೇ ಸೊತ್ತಿನಷ್ಟು ಎಚ್ಚರದಿಂದ ಕಾಯಬೇಕು ಎನ್ನುತ್ತದೆ 151ನೇ ಕಲಂ. 170ನೇ ಕಲಂ ಅವನ ಪರ: ಮಾಡಿದ ಕೆಲಸದ ಕೂಲಿ ಬರುವವರೆಗೆ ಕಾರನ್ನು ತಡೆದಿಟ್ಟುಕೊಳ್ಳಬಹುದು. ಆದರೆ ಅದೇ ಕಲಮಿನ ಉದಾಹರಣೆ ನೋಡಿ. ಕೋಟು ಹೊಲಿದ ತಕ್ಷಣ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಸಮಯವಿದೆ ಎಂದು ಒಪ್ಪಿದ ದರ್ಜಿಗೆ ಕೋಟು ತಡೆಯುವ ಹಕ್ಕಿಲ್ಲ. ಹಾಗಾಗಿ ಹಣದ ಕಂತು, ಮುಗಿಸುವ ದಿನಾಂಕ, ಕಾರು ಬಿಟ್ಟುಕೊಡುವ ಷರತ್ತು ಮೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೊ ಇರಲಿ. ಸ್ನೇಹ ಕೆಡುತ್ತದೆ ಎಂಬ ಸಂಕೋಚ ಬೇಡ, ಒಳ್ಳೆಯ ಮೆಕ್ಯಾನಿಕ್‌ಗಳು ಇದಕ್ಕೆ ಬೇಸರಿಸುವುದಿಲ್ಲ.

ಮಾತು ಮುರಿದರೆ ಮೊದಲು ಲಿಖಿತ ನೋಟಿಸ್. ನಂತರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಗ್ಯಾರೇಜ್ ಕೊಯಮತ್ತೂರಿನಲ್ಲಿದ್ದರೂ ನೀವು ವಾಸವಿರುವ ಮೈಸೂರಿನಲ್ಲೇ ದೂರು ಹಾಕಬಹುದು. ಸಹಾಯವಾಣಿ 1915.

ಇನ್ನು ಐವತ್ತು ದಾಟಿದ ಎಂ.ಜಿ., ಟ್ರಯಂಫ್ ಮಾಲೀಕರ ಮಾತು. 2021ರ ಜುಲೈನ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಉಳಿದ ಕಾರಿಗೆ ‘ವಿಂಟೇಜ್’ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯ, ಮರುನೋಂದಣಿಗೆ 5,000. ಈಗಾಗಲೇ ನೋಂದಣಿಯಾದ ಕಾರು ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯ ಕಾಲದ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವಕ್ಕೆ ‘ವಿಎ’ ಅಕ್ಷರವಿರುವ ನಂಬರು. ಆದರೆ ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆಗಿಳಿಸಬೇಕು. ದಿನಾ ಆಫೀಸಿಗೆ ಓಡಿಸುವಂತಿಲ್ಲ. ನಂದಿ ಬೆಟ್ಟದ ತಿರುವುಗಳಿಗಾಗಿಯೇ ಕಾರು ಇಟ್ಟುಕೊಂಡವರು ಈ ಗೌರವಕ್ಕೆ ಅವಸರಪಡದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಅಪ್ಪನ ಕಾರು ಶೆಡ್ಡಿನಲ್ಲಿ ಉಳಿದಿದ್ದರೆ ಗಡುವು ಗಮನಿಸಿ. ನಿಧನರಾದ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳು ಓಡಿಸಬಹುದು. ಅಷ್ಟರಲ್ಲಿ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಸರ್ಕಾರಿ ಸೇವೆಗೆ ಗಡುವು ವಿಧಿಸುವ ರಾಜ್ಯದ ‘ಸಕಾಲ’ ಕಾಯ್ದೆಯ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಕಚೇರಿ ಆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಆ ಸಂಖ್ಯೆಯ ಮೇಲೆಯೇ ನಿಂತಿದೆ.