ಕಷ್ಟಕಾಲದಲ್ಲಿ ಕೋಳಿ ಸಾಕುವವನೂ ಕಾನೂನೂ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಗಳಲ್ಲಿ ಊರ ಹೊರಗಿನ ಹೊಲದ ಅಂಚಿಗೆ, ಪಕ್ಕಗಳಿಗೆ ತಂತಿಜಾಲ ಹೊಡೆದು ಮೇಲೆ ಶೀಟು ಹೊದಿಸಿದ ನೀಳವಾದ ಶೆಡ್ಡೊಂದನ್ನು ಕಟ್ಟಿಕೊಂಡು, ನಾಲ್ಕೈದು ಸಾವಿರ ಕೋಳಿಗಳನ್ನು ಸಾಕುತ್ತ ಸಂಸಾರ ತೂಗಿಸುವ ಸಣ್ಣ ರೈತನಿಗೆ ಕಷ್ಟಗಳು ಒಂದೊಂದಾಗಿ ಬರುವುದು ಅಪೂರ್ವ. ಮುಸುಕಿನ ಜೋಳ, ಸೋಯಾ ಹಿಂಡಿಗಳ ಬೆಲೆ ಏರಿದ ವರ್ಷವೇ ಬೇಸಿಗೆಯ ಝಳಕ್ಕೆ ಹಕ್ಕಿಗಳು ಸಾಯುತ್ತವೆ. ಶ್ರಾವಣದಲ್ಲಿ ಮಾಂಸದ ಬೇಡಿಕೆ ಕುಗ್ಗಿರುವಾಗಲೇ ಬ್ಯಾಂಕಿನ ಕಂತು ಎದುರು ನಿಲ್ಲುತ್ತದೆ. ಇವೆರಡನ್ನೂ ಹೇಗೋ ದಾಟಿದನೆಂಬಷ್ಟರಲ್ಲಿ ಎಲ್ಲಿಂದಲೋ ಹಕ್ಕಿಜ್ವರದ ಸುದ್ದಿ ಹುಟ್ಟಿ ಪೇಟೆಯೇ ಮುಚ್ಚಿಹೋಗುತ್ತದೆ. ಇಂತಹ ಸಂಕಟದಲ್ಲಿ ಮರೆಮಾಚುವುದೇ ಮನುಷ್ಯನ ಸಹಜ ಪ್ರವೃತ್ತಿ. ಸತ್ತ ಕೋಳಿಗಳನ್ನು ರಾತ್ರೋರಾತ್ರಿ ಹೂಳುವುದು, ಬಂದ ನೋಟೀಸನ್ನು ಒಡೆಯದೆ ಪೆಟ್ಟಿಗೆಯ ತಳಕ್ಕೆ ಸೇರಿಸುವುದು, ಕಂಪನಿಯವರು ಚಾಚಿದ ಕಾಗದಕ್ಕೆ ಓದದೆ ರುಜು ಹಾಕುವುದು, ಇವೆಲ್ಲವೂ ಆ ಪ್ರವೃತ್ತಿಯ ರೂಪಗಳೇ ಆಗಿವೆ. ಆದರೆ ಈ ಕಸುಬಿಗೆ ಸಂಬಂಧಪಟ್ಟ ಕಾಯಿದೆಗಳನ್ನು ಓದಿನೋಡಿದವರಿಗೆ ಒಂದು ಸಂಗತಿ ಮನದಟ್ಟಾಗದಿರದು: ತನ್ನ ನಷ್ಟವನ್ನು ಸಕಾಲದಲ್ಲಿ ತಿಳಿಸಿ ಬರಹಕ್ಕೆ ತಂದವನಿಗೆ ಮಾತ್ರವೇ ಅವು ಪ್ರಾಯಶಃ ಆಶ್ರಯ ಕೊಡುತ್ತವೆ.

ಇದು ಅತ್ಯಂತ ನಿಷ್ಠುರವಾಗಿ ಕಾಣುವುದು ರೋಗದ ವಿಷಯದಲ್ಲಿ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರವು ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ನಮ್ಮ ನಾಡಿನಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿಯೂ, 2020ರಲ್ಲಿ ಮೈಸೂರಿನಲ್ಲಿಯೂ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿಯೂ ಅದು ಮುಖ ತೋರಿತು. ಈ ಬಗೆಯ ವ್ಯಾಧಿಗಳಿಗಾಗಿಯೇ ಸಂಸತ್ತು 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯಿದೆಯನ್ನು ರಚಿಸಿತು. ಆ ಕಾಯಿದೆಯಲ್ಲಿ ಪ್ರಾಣಿಯೆಂಬ ಪದಕ್ಕೆ ಕೋಳಿಯೂ ಸೇರುತ್ತದೆ. ಅದರ ಅನುಸೂಚಿಯಲ್ಲಿ ಹಕ್ಕಿಜ್ವರವೇ ಅಲ್ಲದೆ, ನಮ್ಮ ರೈತರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ವ್ಯಾಧಿಯೂ ಇದೆ. ಅನುಸೂಚಿತ ರೋಗವೊಂದು ತಗುಲಿದೆಯೆಂದು ನಂಬಲು ಕಾರಣವಿದ್ದ ಕೂಡಲೆ ಗ್ರಾಮಾಧಿಕಾರಿಗಾಗಲಿ ಪಂಚಾಯಿತಿಗಾಗಲಿ ತಿಳಿಸುವುದು 4ನೆಯ ಪ್ರಕರಣದ ಮೇರೆಗೆ ಹಕ್ಕಿಗಳನ್ನು ಸಾಕುವವನ ಕರ್ತವ್ಯ. ಅವರು ಅದನ್ನು ಪಶುವೈದ್ಯರಿಗೆ ಲಿಖಿತವಾಗಿ ಮುಟ್ಟಿಸಬಹುದು. ರೋಗ ತಗುಲಿದ ಹಕ್ಕಿಗಳನ್ನು ಪ್ರತ್ಯೇಕಿಸಿಡುವುದು 5ನೆಯ ಪ್ರಕರಣದ ಕಟ್ಟಳೆ. ಸತ್ತುದನ್ನು ಕೆರೆಗೋ ಕಾಲುವೆಗೋ ಎಸೆಯುವುದು ಬೇರೆಯೇ ಒಂದು ಅಪರಾಧವಾಗಿದೆ. ಬಾಯಿಮಾತಿನಲ್ಲಿ ಹೇಳಿದುದು ನಾಳೆ ಯಾರ ನೆನಪಿನಲ್ಲಿಯೂ ಉಳಿಯದಾದ್ದರಿಂದ, ಎರಡು ಸಾಲಿನ ಅರ್ಜಿಯನ್ನಾದರೂ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳುವುದು ಲೇಸು.

ಹೀಗೆ ತಿಳಿಸಿದರೆ ತನ್ನ ಹಿಂಡನ್ನೆಲ್ಲ ಕೊಂದುಹಾಕುವರೆಂಬ ಭಯವು ರೈತನಿಗೆ ಇರುವುದು ನಿಜ, ಅದು ನಿರಾಧಾರವೂ ಅಲ್ಲ. ಮಾದರಿಗಳು ಭೋಪಾಲದ ಉನ್ನತ ಸುರಕ್ಷಾ ಪ್ರಾಣಿರೋಗ ಸಂಸ್ಥೆಗೆ ಹೋಗಿ ಹಕ್ಕಿಜ್ವರವು ದೃಢಪಟ್ಟಲ್ಲಿ, ರೋಗದ ಕೇಂದ್ರದಿಂದ ಒಂದು ಕಿಲೋಮೀಟರಿನವರೆಗಿನ ಸುತ್ತಲ ಪ್ರದೇಶವನ್ನು ಸೋಂಕಿತ ವಲಯವೆಂದೂ, ಹತ್ತು ಕಿಲೋಮೀಟರಿನವರೆಗಿನ ಪ್ರದೇಶವನ್ನು ಕಣ್ಗಾವಲು ವಲಯವೆಂದೂ ಸಾರಿ, ಒಳವಲಯದ ಕೋಳಿಗಳನ್ನು ವಧಿಸಲಾಗುವುದು. ಆದರೆ ವಧಿಸಿದ ಹಕ್ಕಿಗಳಿಗೂ, ನಾಶಪಡಿಸಿದ ಮೊಟ್ಟೆ ಮತ್ತು ಆಹಾರಕ್ಕೂ ಸರ್ಕಾರವು ಪರಿಹಾರ ಕೊಡುತ್ತದೆ. ಕೇಂದ್ರವೂ ರಾಜ್ಯವೂ ಅದನ್ನು ಸಮಪಾಲಿನಲ್ಲಿ ಭರಿಸುತ್ತವೆ. ಹಕ್ಕಿಯ ಜಾತಿ ಮತ್ತು ವಯಸ್ಸುಗಳಿಗನುಸಾರವಾಗಿ ದರಗಳನ್ನು ಗೊತ್ತುಮಾಡಿ ಕಾಲಕಾಲಕ್ಕೆ ಪರಿಷ್ಕರಿಸಲಾಗುತ್ತದೆ. ಈ ಪರಿಹಾರವು ಅಧಿಕಾರಿಗಳು ಬಂದು ಎಣಿಸಿ ವಧಿಸಿದ ಹಕ್ಕಿಗಳಿಗೆ ಮಾತ್ರ ಸಲ್ಲತಕ್ಕದ್ದು. ಅದಕ್ಕೆ ಮುಂಚೆಯೇ ರೋಗದಿಂದ ಸತ್ತುಬಿದ್ದವುಗಳಿಗೆ ಸಲ್ಲುವುದಿಲ್ಲ. ನಾಲ್ಕು ದಿನ ಕಾದುನೋಡೋಣವೆಂದು ಸುಮ್ಮನಿದ್ದವನು ಆ ನಾಲ್ಕು ದಿನಗಳ ಸಾವಿನಷ್ಟು ಪರಿಹಾರವನ್ನು ತಾನಾಗಿಯೇ ಬಿಟ್ಟುಕೊಟ್ಟಂತಾಗುತ್ತದೆ. ಕಾಯಿದೆಯಲ್ಲಿ ಹೇಳಿರುವ ದಂಡಕ್ಕಿಂತ ಇದೇ ಭಾರಿಯಾದ ದಂಡ.

ಎಣಿಕೆ ನಡೆಯುವಾಗ ಮಾಲೀಕನು ಸ್ವತಃ ಹಾಜರಿದ್ದು, ಹಕ್ಕಿಗಳ ಸಂಖ್ಯೆ, ವಯಸ್ಸು, ಉಳಿದ ಆಹಾರದ ಚೀಲಗಳು ಮಹಜರಿನಲ್ಲಿ ಸರಿಯಾಗಿ ನಮೂದಾಗಿವೆಯೇ ಎಂದು ನೋಡಿದ ಬಳಿಕವೇ ರುಜು ಹಾಕಿ, ಅದರ ಪ್ರತಿಯನ್ನು ಕೇಳಿ ಪಡೆಯಬೇಕು; ಕೊಡದಿದ್ದರೆ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಮರಿ ತಂದ ಬಿಲ್ಲು, ದಿನಕ್ಕೆಷ್ಟು ಸತ್ತವೆಂಬ ಪುಸ್ತಕ, ಲಸಿಕೆಯ ದಾಖಲೆ ಇವು ಎಣಿಕೆಯ ತಕರಾರು ಹುಟ್ಟಿದಾಗ ಸಾಕ್ಷ್ಯವಾಗುತ್ತವೆ. ಎಲ್ಲ ಕೋಳಿ ಫಾರಂಗಳೂ ರಾಜ್ಯದ ಪಶುಸಂಗೋಪನಾ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2025ರಲ್ಲಿ ಕೇಂದ್ರ ಸರ್ಕಾರವು ಸೂಚಿಸಿದುದನ್ನು ಸಣ್ಣವರು ಕಿರುಕುಳವೆಂದು ಭಾವಿಸದೆ, ತಮ್ಮ ಅಸ್ತಿತ್ವಕ್ಕೆ ಸರ್ಕಾರವೇ ಕೊಟ್ಟ ಪುರಾವೆಯೆಂದು ತಿಳಿಯುವುದು ಒಳಿತು. ಇಷ್ಟಾದರೂ ಪರಿಹಾರವು ಪೂರ್ಣವಲ್ಲವೆಂಬುದನ್ನು ಮರೆಮಾಚಬಾರದು: ಶೆಡ್ಡನ್ನು ತೊಳೆದು, ಸೋಂಕು ನಿವಾರಿಸಿ, ಇಲಾಖೆಯು ಅನುಮತಿ ಕೊಡುವವರೆಗೆ ಹೊಸ ಮರಿಗಳನ್ನು ಬಿಡುವಂತಿಲ್ಲ, ಆ ಖಾಲಿ ತಿಂಗಳುಗಳ ಆದಾಯಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಪೇಟೆಯ ಬೆಲೆ ಬಿದ್ದುದಕ್ಕೂ ಪರಿಹಾರವಿಲ್ಲ. ಕೋಳಿಮಾಂಸದಿಂದ ಕೊರೊನಾ ಬರುವುದೆಂಬ ಸುಳ್ಳು ಸುದ್ದಿ ಹಬ್ಬಿದ 2020ರ ಮಾರ್ಚಿನಲ್ಲಿ, ಬೆಳಗಾವಿ ಜಿಲ್ಲೆಯಲ್ಲಿ ಮೇವಿನ ಖರ್ಚನ್ನು ತಾಳಲಾರದೆ ಜೀವಂತ ಕೋಳಿಗಳನ್ನು ಗುಂಡಿಯಲ್ಲಿ ಹೂತುದುಂಟು. ಆ ನಿರಾಶೆ ಅರ್ಥವಾಗದ ಸಂಗತಿಯಲ್ಲ. ಆದರೆ ಹಾಗೆ ಹೂಳುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣಕ್ಕೆ ಗುರಿಪಡಿಸಬಹುದಾದ ಕೃತ್ಯ, ಅದಕ್ಕೆ ಒಂದು ಕಾಸಿನ ಪರಿಹಾರವೂ ದೊರೆಯದು.

ಈಗ ಒಪ್ಪಂದದ ಸಾಕಣೆಯನ್ನು ನೋಡೋಣ. ಕಂಪನಿಯು ಮರಿ, ಆಹಾರ, ಔಷಧಿಗಳನ್ನು ಕೊಡುತ್ತದೆ. ಶೆಡ್ಡು, ನೀರು, ವಿದ್ಯುತ್ತು, ಹೊಟ್ಟು, ದುಡಿಮೆ ರೈತನವು. ನಲವತ್ತು ದಿನಗಳ ಆಸುಪಾಸಿನಲ್ಲಿ ಹಕ್ಕಿಗಳನ್ನು ತೂಗಿ ಒಯ್ದು, ಕಿಲೋ ಒಂದಕ್ಕೆ ಇಷ್ಟೆಂದು ಸಾಕಣೆ ಕೂಲಿ ಕೊಡುತ್ತಾರೆ. ಹಕ್ಕಿ ಕಂಪನಿಯದಾದ್ದರಿಂದ, ರೋಗದ ವಧೆಯಾದಾಗ ಹಕ್ಕಿಯ ಲೆಕ್ಕದಲ್ಲಿ ಬರುವ ಪರಿಹಾರವು ಯಾರ ಕೈಸೇರಬೇಕೆಂಬ ಪ್ರಶ್ನೆ ಏಳುತ್ತದೆ. ಮೂವತ್ತು ದಿನ ಹಗಲಿರುಳು ಕಾದವನ ದುಡಿಮೆಯನ್ನು ಈ ವ್ಯವಸ್ಥೆ ನೇರವಾಗಿ ಗಣಿಸದಿರುವುದು ಅದರ ದೊಡ್ಡ ಕೊರತೆಯೆಂದೇ ನನ್ನ ಭಾವನೆ. ಸದ್ಯಕ್ಕೆ ಈ ಕೊರತೆಯನ್ನು ತುಂಬಬಲ್ಲುದು ಒಪ್ಪಂದ ಪತ್ರವೊಂದೇ ಆದುದರಿಂದ, ರೋಗ, ಬಿಸಿಲು, ನೆರೆಗಳಿಂದ ಬ್ಯಾಚು ಹಾಳಾದರೆ ಅಷ್ಟು ದಿನಗಳ ಕೂಲಿ ಎಷ್ಟು, ಹಕ್ಕಿಗಳನ್ನು ಒಯ್ಯುವುದು ತಡವಾದರೆ ಹೆಚ್ಚುವರಿ ದಿನಗಳ ಹೊಣೆ ಯಾರದು, ತೂಕ ನಡೆಯುವುದು ಎಲ್ಲಿ ಎಂಬ ಮೂರನ್ನಾದರೂ ಅದರಲ್ಲಿ ಬರೆಸಿಕೊಳ್ಳಬೇಕು, ಮತ್ತು ಪತ್ರದ ಒಂದು ಪ್ರತಿ, ಓದಬಲ್ಲ ಭಾಷೆಯಲ್ಲಿ, ಮನೆಯಲ್ಲಿರಬೇಕು.

ಒಪ್ಪಂದದ ಕೃಷಿಗೆ ಉಪವಿಭಾಗಾಧಿಕಾರಿಯ ಮುಂದೆ ನ್ಯಾಯ ದೊರೆಯುವುದೆಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಹಾಗೆ ಹೇಳಿದ 2020ರ ಕೇಂದ್ರ ಕಾಯಿದೆಯು 2021ರಲ್ಲಿ ರದ್ದಾಯಿತು. ಈಗ ಉಳಿದಿರುವ ಮುಖ್ಯ ಆಧಾರವು 1872ರ ಕರಾರು ಕಾಯಿದೆ. ಮುದಿಯಾದರೂ ಅದು ದುರ್ಬಲವಲ್ಲ. ನ್ಯಾಯಾಲಯಕ್ಕೆ ಹೋಗಲೇಕೂಡದೆಂಬ ಷರತ್ತು ಅದರ 28ನೆಯ ಪ್ರಕರಣದಂತೆ ಅಸಿಂಧು. ಕರಾರು ಮುರಿದವನು ನಷ್ಟ ತುಂಬಿಕೊಡಬೇಕೆಂದು 73ನೆಯದು ಹೇಳುತ್ತದೆ. ಪತ್ರದಲ್ಲಿ ದಂಡವೆಂದು ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ನ್ಯಾಯಾಲಯವು ಯುಕ್ತವಾದಷ್ಟನ್ನೇ ಕೊಡಿಸುವುದೆಂದು 74ನೆಯದು. ಪಂಚಾಯ್ತಿದಾರನಿಗೆ ಒಪ್ಪಿಸುವ ಷರತ್ತಾದರೆ ಊರ್ಜಿತವೇ; ಆದರೆ ವ್ಯಾಜ್ಯದಲ್ಲಿ ಹಿತಾಸಕ್ತಿಯುಳ್ಳ ಪಕ್ಷವೊಂದು ತಾನೊಬ್ಬನೇ ಏಕೈಕ ಪಂಚಾಯ್ತಿದಾರನನ್ನು ನೇಮಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಮಾನಿಸಿದೆ. ಬಾಕಿ ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ.

ಆದರೆ ಸಣ್ಣವನನ್ನು ನಿಜವಾಗಿ ಕಟ್ಟಿಹಾಕುವುದು ಕರಾರಿಗಿಂತ ಅದರ ಜೊತೆಯಲ್ಲಿ ಕೊಟ್ಟ ಖಾಲಿ ಚೆಕ್ಕುಗಳು. ಸ್ವ ಇಚ್ಛೆಯಿಂದ ರುಜು ಮಾಡಿಕೊಟ್ಟ ಖಾಲಿ ಚೆಕ್ಕಿಗೂ ಋಣವಿತ್ತೆಂಬ ಪೂರ್ವಭಾವನೆ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿರುವುದರಿಂದ, ‘ಅದು ಬರೀ ಭದ್ರತೆಗೆ ಕೊಟ್ಟದ್ದು’ ಎಂಬ ಮಾತು ತಾನಾಗಿಯೇ ರಕ್ಷಿಸದು. ಚೆಕ್ಕು ತಿರಸ್ಕೃತವಾದ ವರ್ತಮಾನ ಬಂದ 30 ದಿನಗಳೊಳಗೆ ಕಂಪನಿಯವರು ನೋಟೀಸು ಕೊಡಬೇಕು. ಅದು ಕೈಸೇರಿದ 15 ದಿನಗಳೊಳಗೆ ಹಣ ಸಲ್ಲದಿದ್ದರೆ, ಅನಂತರದ ಒಂದು ತಿಂಗಳಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಪ್ರಕರಣದ ಮೇರೆಗೆ ಫಿರ್ಯಾದು ಹೂಡಬಹುದು. ಶಿಕ್ಷೆಯು ಎರಡು ವರ್ಷಗಳವರೆಗಿನ ಸೆರೆವಾಸ, ಇಲ್ಲವೆ ಚೆಕ್ಕಿನ ಎರಡರಷ್ಟರವರೆಗಿನ ದಂಡ, ಇಲ್ಲವೆ ಎರಡೂ. ಆ 15 ದಿನಗಳೇ ರೈತನ ಪಾಲಿನ ಅಮೂಲ್ಯ ಕಾಲ. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ, 2010ರಲ್ಲಿ ತೀರ್ಮಾನವಾದ ರಂಗಪ್ಪ ಪ್ರಕರಣದಲ್ಲಿ, ನೋಟೀಸಿಗೆ ಉತ್ತರ ಕೊಡದಿದ್ದುದನ್ನು ಆರೋಪಿಗೆ ಪ್ರತಿಕೂಲವಾಗಿಯೇ ಎಣಿಸಲಾಯಿತು. ಅಂತೆಯೇ, ಪೂರ್ವಭಾವನೆಯನ್ನು ನಿರಾಕರಿಸಲು ಸಂಭಾವ್ಯತೆಯ ಮಟ್ಟದ ಸಮಾಧಾನ ಸಾಕು, ನಿಸ್ಸಂದೇಹವಾದ ರುಜುವಾತು ಬೇಡವೆಂಬುದನ್ನೂ ಅಲ್ಲಿ ಸ್ಪಷ್ಟಪಡಿಸಲಾಯಿತು. ಚೆಕ್ಕು ಕೊಟ್ಟ ಮೇಲೆ ಬಾಕಿಯ ಒಂದಂಶವನ್ನು ತೀರಿಸಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ಣ ಮೊತ್ತಕ್ಕೆ ಹಾಜರುಪಡಿಸಿದ್ದಲ್ಲಿ ಅಪರಾಧವೇ ಆಗದೆಂದು 2022ರ ತೀರ್ಪೊಂದು ಇದೆ. ತೂಕದ ಚೀಟಿ, ಬ್ಯಾಚಿನ ಲೆಕ್ಕದ ಹಾಳೆ, ಮೇಲ್ವಿಚಾರಕನು ಮೊಬೈಲಿಗೆ ಕಳಿಸಿದ ಸಂದೇಶ ಇವುಗಳ ಬೆಲೆ ತಿಳಿಯುವುದು ಆಗಲೇ.

ಪಂಚಾಯಿತಿಯ ವಿಷಯದಲ್ಲಿ ಸ್ವಲ್ಪ ಸಮಾಧಾನವುಂಟು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯು ಕೃಷಿಯೆಂಬ ಪದದೊಳಗೆ ಕೋಳಿ ಸಾಕಣೆಯನ್ನೂ ಸೇರಿಸಿದೆ. ಕೋಳಿ ಫಾರಂ ಕಟ್ಟಡವನ್ನು ವಾಣಿಜ್ಯ ಕಟ್ಟಡವೆಂದೆಣಿಸಿ ಗ್ರಾಮ ಪಂಚಾಯಿತಿಯು ತೆರಿಗೆ ಹಾಕಲಾಗದೆಂದೂ, ಭೂಪರಿವರ್ತನೆ ಬೇಕಿಲ್ಲವೆಂದೂ ನಮ್ಮ ಉಚ್ಚ ನ್ಯಾಯಾಲಯವು ಈಚೆಗೆ ತೀರ್ಪಿತ್ತಿದೆ. ಬೇಡಿಕೆಯ ನೋಟೀಸು ಬಂದರೆ ಇದನ್ನು ಉಲ್ಲೇಖಿಸಿ ಲಿಖಿತ ಆಕ್ಷೇಪ ಸಲ್ಲಿಸಬೇಕು. ಆದರೆ ಕೃಷಿಯೆನಿಸಿಕೊಂಡ ಮಾತ್ರಕ್ಕೆ ನೊಣ, ದುರ್ವಾಸನೆಗಳ ಹೊಣೆ ತಪ್ಪದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿಯು 5,000ದಿಂದ 25,000 ಹಕ್ಕಿಗಳವರೆಗಿನವನ್ನು ಸಣ್ಣ ಫಾರಂಗಳೆಂದು ಕರೆದು, ವಸತಿಯಿಂದ ಅಂತರ, ಗೊಬ್ಬರದ ಸಂಗ್ರಹ, ಸತ್ತ ಹಕ್ಕಿಗಳ ವಿಲೇವಾರಿ ಇವುಗಳಿಗೆ ನಿಯಮಗಳನ್ನು ಹೇಳುತ್ತದೆ. ನೆರೆಯವರು ದೂರಿತ್ತರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯು ಉಪದ್ರವವನ್ನು ನಿವಾರಿಸಲು ಷರತ್ತಿನ ಆಜ್ಞೆ ಹೊರಡಿಸಬಹುದು. ಷರತ್ತಿನದೆಂದರೆ, ಗೊತ್ತಾದ ದಿನ ಹಾಜರಾಗಿ ಕಾರಣ ತೋರಿಸುವ ಹಕ್ಕು ಫಾರಮಿನವನಿಗೆ ಇದ್ದೇ ಇದೆ. ಅಂದು ಗೈರುಹಾಜರಾದವನ ವಿರುದ್ಧ ಆಜ್ಞೆಯು ಖಾಯಂ ಆಗುತ್ತದೆ.

ಸಾಲದ ಮಾತನ್ನು ಚಿಕ್ಕದಾಗಿ ಹೇಳಬಹುದು. ಬ್ಯಾಂಕು, ಆಧಾರದ ಆಸ್ತಿಯಿಂದ ಸಾಲ ವಸೂಲು ಮಾಡಿಕೊಳ್ಳಲು ಇರುವ ಸರ್ಫೇಸಿ ಕಾಯಿದೆಯಡಿ, ಜಪ್ತಿಗೆ ಹೊರಡುವ ಮುನ್ನ 60 ದಿನಗಳ ನೋಟೀಸು ಕೊಡಬೇಕು. ಅದಕ್ಕೆ ಆಕ್ಷೇಪ ಬರೆದರೆ 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕು. ಸ್ವಾಧೀನಕ್ಕೆ ಕೈಹಾಕಿದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಕೃಷಿಭೂಮಿಯ ಮೇಲಿನ ಆಧಾರಕ್ಕೆ ಈ ಕಾಯಿದೆ ಅನ್ವಯಿಸದು. ಆದರೆ ಆ ಭೂಮಿ ವಾಸ್ತವವಾಗಿ ಕೃಷಿಯದೆಂದು ತೋರಿಸುವ ಭಾರ ಸಾಲಗಾರನದು, ಮತ್ತು ಭೂಸುಧಾರಣಾ ಕಾಯಿದೆಯಲ್ಲಿ ಕೃಷಿಯೆನಿಸಿದುದು ಇಲ್ಲಿಯೂ ಹಾಗೆಯೇ ಎನಿಸುವುದೆಂದು ಭರವಸೆಯಿಡಲಾಗದು. ಕಿರುಸಾಲದವರು ಮನೆಬಾಗಿಲಲ್ಲಿ ಕುಳಿತು ಬೆದರಿಸಿದರೆ, ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯವು ತಂದ ಕಾನೂನಿನಲ್ಲಿ 10 ವರ್ಷಗಳವರೆಗಿನ ಸೆರೆವಾಸವೂ 5 ಲಕ್ಷ ರೂಪಾಯಿಗಳವರೆಗಿನ ದಂಡವೂ ಇವೆ. ಠಾಣೆಯಲ್ಲಿ ದೂರು ಕೊಡಬಹುದು.

ಕಳಪೆ ಆಹಾರದಿಂದಲೋ ರೋಗಗ್ರಸ್ತ ಮರಿಗಳಿಂದಲೋ ನಷ್ಟವಾದವನು, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡವನಾದಲ್ಲಿ, ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಬೇಕಾಗುವುದು ಬಿಲ್ಲು, ಚೀಲದ ಮೇಲಿನ ಬ್ಯಾಚು ಸಂಖ್ಯೆ, ಸಾಕ್ಷಿಗಳೆದುರು ಮೊಹರು ಮಾಡಿದ ಮಾದರಿ, ಮತ್ತು ಸತ್ತ ಹಕ್ಕಿಯ ಶವಪರೀಕ್ಷೆಯ ವರದಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂತಹ ಪ್ರಯೋಗಾಲಯಗಳು ಇರುವುದು ಇದಕ್ಕಾಗಿಯೇ.

ವಕೀಲರ ಶುಲ್ಕಕ್ಕೆ ಅಂಜಿ ಹಿಂಜರಿಯುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯನ್ನು ನೆನೆಯಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಅದರ ಸಮಿತಿಯುಂಟು. 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಪರಿಶಿಷ್ಟ ಜಾತಿ ಪಂಗಡಗಳವರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಗೊತ್ತಾದ ಮಿತಿಯೊಳಗೆ, ವಕೀಲರನ್ನು ಉಚಿತವಾಗಿ ಒದಗಿಸಲಾಗುತ್ತದೆ. ಬಹುಪಾಲು ಮನೆಗಳಲ್ಲಿ ಕೋಳಿಗಳಿಗೆ ನೀರು ಆಹಾರ ಕೊಟ್ಟು ಸಾಕುವವಳು ಗೃಹಿಣಿಯೇ ಆಗಿರುವಾಗ, ಫಾರಮಿನ ದಾಖಲೆಗಳಲ್ಲಿ ಅವಳ ಹೆಸರೂ ಇರುವುದು ನ್ಯಾಯವಷ್ಟೇ ಅಲ್ಲ, ಉಪಯುಕ್ತವೂ ಹೌದು. ಚೆಕ್ಕಿನ ಮೊಕದ್ದಮೆ, ಬ್ಯಾಂಕಿನ ಬಾಕಿ ಇವು ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಸಾಮಾನ್ಯ. ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಆದುದರಿಂದ ಮುಂದಿನ ಬ್ಯಾಚಿನ ಹಣ ಕೈಗೆ ಬರುವ ತಿಂಗಳಿಗೆ ಹೊಂದುವಂತೆ ಕಂತಿನ ದಿನಗಳು ಗೊತ್ತಾಗಿವೆಯೇ, ಕಂಪನಿಯ ಬಳಿ ಉಳಿದಿರುವ ಖಾಲಿ ಚೆಕ್ಕುಗಳನ್ನು ಅವುಗಳ ಸಂಖ್ಯೆಸಮೇತ ಹಿಂದಿರುಗಿಸತಕ್ಕದ್ದೆಂಬ ವಾಕ್ಯವು ರಾಜಿಪತ್ರದಲ್ಲಿ ಸೇರಿದೆಯೇ ಎಂಬುದನ್ನು, ಸಮಿತಿಯು ಕೊಟ್ಟ ವಕೀಲರಿಂದ ಗಟ್ಟಿಯಾಗಿ ಓದಿಸಿ ಕೇಳಿಕೊಂಡು, ಆಮೇಲೆ ರುಜು ಹಾಕಬೇಕು.