ಸೈಕಾಲಜಿ ಓದಿದವರಿಗೆ ಆಸ್ಪತ್ರೆಯ ಆಚೆಗೂ ಕೆಲಸವಿದೆ

ಮುಂಬೈನ ವಡಾಲಾ ನಿಲ್ದಾಣದ ಬಳಿ ರೈಲು ಹಳಿ ದಾಟುವಾಗ ಜನ ಸಾಯುತ್ತಲೇ ಇದ್ದರು. 2010ರ ಹೊತ್ತಿಗೆ ಫೈನಲ್ ಮೈಲ್ ಎಂಬ ಸಂಸ್ಥೆ ರೈಲ್ವೆಯವರ ಜತೆಗೂಡಿ ಅಲ್ಲಿ ಮೂರು ಬದಲಾವಣೆ ಮಾಡಿತು. ದೊಡ್ಡ ವಸ್ತುವೊಂದು ನಮ್ಮತ್ತ ಬರುವಾಗ ಅದರ ವೇಗ ಕಣ್ಣಿಗೆ ಕಡಿಮೆಯೆನಿಸುತ್ತದೆ. ಹಾಗಾಗಿ ಹಳಿಯಡಿಯ ಕೆಲವು ಸ್ಲೀಪರ್‌ಗಳಿಗೆ ಹಳದಿ ಬಣ್ಣ ಬಳಿಯಲಾಯಿತು. ಅವು ಒಂದೊಂದಾಗಿ ರೈಲಿನಡಿ ಮರೆಯಾಗುವುದನ್ನು ಕಂಡವರಿಗೆ ವೇಗದ ಅಂದಾಜು ಸಿಗುತ್ತದೆ. ಉದ್ದನೆಯ ಒಂದು ಸೀಟಿಯ ಬದಲು ಎರಡು ಚುಟುಕು ಸೀಟಿ ಬಂದವು. ರೈಲಿಗೆ ಸಿಲುಕುತ್ತಿರುವ ಮನುಷ್ಯನ ಭಯಭೀತ ಮುಖದ ಚಿತ್ರಗಳನ್ನು ಹಾಕಲಾಯಿತು. ಸಾವುಗಳು ಗಣನೀಯವಾಗಿ ತಗ್ಗಿದವೆಂದು ವರದಿಯಾಯಿತು.

ರೋಗಿ, ಚಿಕಿತ್ಸೆ ಯಾವುದೂ ಇಲ್ಲದ ಮನೋವಿಜ್ಞಾನದ ಕೆಲಸವಿದು. ಕಾರ್ಖಾನೆ, ಸೇನೆ, ಮಾರುಕಟ್ಟೆ ಸಮೀಕ್ಷೆ, ಸರ್ಕಾರಿ ಯೋಜನೆಗಳಲ್ಲಿ ಇಂಥ ಕೆಲಸಕ್ಕೆ ಜಾಗವಿದೆ. ಆದರೂ ‘ಸೈಕಾಲಜಿ ಎಂದರೆ ಕೌನ್ಸೆಲಿಂಗ್’ ಎಂದುಕೊಂಡೇ ಕಾಲೇಜು ಸೇರುವವರು ಬಹಳ. ಕೊನೆಯ ವರ್ಷದಲ್ಲಿ ತಡಕಾಡುವ ಬದಲು ಮೊದಲೇ ದಿಕ್ಕು ಗೊತ್ತುಮಾಡಿಕೊಂಡರೆ ಓದು, ಇಂಟರ್ನ್‌ಶಿಪ್, ಉದ್ಯೋಗ ಮೂರೂ ಒಂದಕ್ಕೊಂದು ಹೊಂದುತ್ತವೆ. ಅದಕ್ಕೆ ಹೀಗೆ ಮಾಡಬಹುದು.

ಹಂತ 1: ಗಡಿ ತಿಳಿದುಕೊಳ್ಳಿ

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಮಾನ್ಯತೆಯ ಕೋರ್ಸ್ ಮತ್ತು ನೋಂದಣಿ ಬೇಕು. ಬಿ.ಎ. ಅಥವಾ ಆನ್ವಯಿಕ ಮನೋವಿಜ್ಞಾನದ ಎಂ.ಎ. ಮುಗಿಸಿದ ಮಾತ್ರಕ್ಕೆ ರೋಗನಿರ್ಣಯ ಮಾಡುವ, ಚಿಕಿತ್ಸೆ ನೀಡುವ ಅರ್ಹತೆ ಬರುವುದಿಲ್ಲ. ಸಹೋದ್ಯೋಗಿಯೊಬ್ಬರು ಖಿನ್ನತೆಯಿಂದ ಬಳಲುತ್ತಿದ್ದಾರೆ ಎನಿಸಿದರೆ ತಜ್ಞರ ಬಳಿ ಕಳುಹಿಸುವುದಷ್ಟೇ ಇಂಥ ಪದವೀಧರರ ಕರ್ತವ್ಯ.

ಹಂತ 2: ಕ್ಷೇತ್ರ ಆರಿಸಿಕೊಳ್ಳಿ

ಮೊದಲನೆಯದು ಔದ್ಯೋಗಿಕ ಮನೋವಿಜ್ಞಾನ; ಇದು ಹಳೆಯ ದಾರಿ. ನೇಮಕಾತಿ ಪರೀಕ್ಷೆ ರೂಪಿಸುವುದು, ತರಬೇತಿಯಿಂದ ಏನು ಲಾಭವಾಯಿತು ಎಂದು ಅಳೆಯುವುದು, ನೌಕರರು ಕೆಲಸ ಬಿಡುವ ಕಾರಣ ಹುಡುಕುವುದು ಇದರಲ್ಲಿ ಸೇರುತ್ತವೆ. ಎರಡನೆಯದು ಬಳಕೆದಾರರ ಸಂಶೋಧನೆ. ಹಣ ಪಾವತಿಯ ಆ್ಯಪ್‌ನಲ್ಲಿ ವಯಸ್ಸಾದವರು ಯಾವ ಪುಟದಲ್ಲಿ ಗೊಂದಲಕ್ಕೀಡಾಗುತ್ತಾರೆ ಎಂಬುದನ್ನು ಪಕ್ಕದಲ್ಲಿ ಕುಳಿತು ಗಮನಿಸಿ ವರದಿ ಮಾಡುವ ಈ ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದೆ.

ಮೂರನೆಯದು ಸೇನೆ. ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ ಅಭ್ಯರ್ಥಿಗಳ ಮುಂದೆ ಒಂದೊಂದೇ ಪದ ಮೂಡುತ್ತದೆ. 15 ಸೆಕೆಂಡಿನೊಳಗೆ ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಹೀಗೆ 60 ಪದಗಳು. ಆ ಉತ್ತರಗಳನ್ನು ಓದಿ ವ್ಯಕ್ತಿತ್ವ ಅಳೆಯುವವರು ಮನೋವಿಜ್ಞಾನಿಗಳು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯಲ್ಲಿ ದೆಹಲಿಯಲ್ಲಿರುವ ಡಿಐಪಿಆರ್ ಇಂಥ ಪರೀಕ್ಷೆಗಳ ಸಂಶೋಧನೆ ನಡೆಸುವ ಸಂಸ್ಥೆ.

ನಾಲ್ಕನೆಯದು ಸಾರ್ವಜನಿಕ ನೀತಿ. 2018–19ರ ಕೇಂದ್ರ ಆರ್ಥಿಕ ಸಮೀಕ್ಷೆ ವರ್ತನಾ ಅರ್ಥಶಾಸ್ತ್ರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿತ್ತು. ಶೌಚಾಲಯ ಬಳಕೆ, ತೆರಿಗೆ ಪಾವತಿ, ಲಸಿಕೆಯಂಥ ವಿಷಯಗಳಲ್ಲಿ ಜನ ಯಾಕೆ ಹಿಂಜರಿಯುತ್ತಾರೆ ಎಂದು ತಿಳಿದು ಯೋಜನೆ ತಿದ್ದಲು ಈ ಓದು ನೆರವಾಗುತ್ತದೆ.

ಹಂತ 3: ಪದವಿಯನ್ನು ಜೋಡಿಸಿಕೊಳ್ಳಿ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. 

ಬಿ.ಎ.ಯಲ್ಲಿ ಜತೆಗೆ ಯಾವ ವಿಷಯ ಇರಬೇಕು ಎಂಬುದು ಆರಿಸಿಕೊಂಡ ಕ್ಷೇತ್ರಕ್ಕೆ ತಕ್ಕಂತಿರಲಿ. ನೀತಿ ಸಂಶೋಧನೆಗೆ ಅರ್ಥಶಾಸ್ತ್ರ, ಜಾಹೀರಾತು ಮತ್ತು ಮಾಧ್ಯಮಕ್ಕೆ ಪತ್ರಿಕೋದ್ಯಮ, ಬಳಕೆದಾರರ ಸಂಶೋಧನೆಗೆ ಕಂಪ್ಯೂಟರ್ ಅಥವಾ ಸಮಾಜಶಾಸ್ತ್ರ ಹೊಂದುತ್ತದೆ. ಮನೆಯಲ್ಲೇ ಕುಳಿತು ಪದವಿ ಪಡೆಯುವ ಯೋಚನೆಯಿದ್ದರೆ ಎಚ್ಚರ: 2025ರ ಜುಲೈ–ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಮನೋವಿಜ್ಞಾನದ ಕೋರ್ಸ್ ನಡೆಸಬಾರದೆಂದು ಯುಜಿಸಿ ಸೂಚಿಸಿದೆ.

ಹಂತ 4: ಲ್ಯಾಬ್ ಮತ್ತು ಲೆಕ್ಕ ಬಿಡಬೇಡಿ

ಪ್ರಾಯೋಗಿಕ ತರಗತಿಯ ಕನ್ನಡಿ ಚಿತ್ರಣ ಪ್ರಯೋಗವನ್ನೇ ನೋಡಿ. ನಕ್ಷತ್ರದ ಆಕೃತಿ ನೇರವಾಗಿ ಕಾಣದಂತೆ ಅಡ್ಡ ಇಟ್ಟಿರುತ್ತಾರೆ. ಕನ್ನಡಿಯಲ್ಲಿ ಅದರ ಬಿಂಬ ನೋಡುತ್ತ ಅಂಚಿನ ಮೇಲೆ ಪೆನ್ಸಿಲ್ ಆಡಿಸಬೇಕು. ಮೊದಲ ಸಲ ಕೈ ಮೂಲೆಯಲ್ಲಿ ಸಿಕ್ಕಿಕೊಂಡು ಎತ್ತೆತ್ತಲೋ ಹೋಗುತ್ತದೆ. ಸಹಪಾಠಿ ಪ್ರತಿ ಸಲದ ಸಮಯ, ತಪ್ಪುಗಳನ್ನು ಬರೆದುಕೊಳ್ಳುತ್ತಾನೆ. ಅಭ್ಯಾಸವಾದಂತೆ ಎರಡೂ ಇಳಿಯುತ್ತವೆ, ಅದರ ಗ್ರಾಫೇ ಕಲಿಕೆಯ ರೇಖೆ. ಹೊಸ ಯಂತ್ರಕ್ಕೆ ಕಾರ್ಮಿಕರು ಎಷ್ಟು ದಿನದಲ್ಲಿ ಒಗ್ಗುತ್ತಾರೆ ಎಂದು ಅಳೆಯುವಾಗಲೂ ಕೆಲಸಕ್ಕೆ ಬರುವುದು ಇದೇ ಕ್ರಮ.

ಸಂಖ್ಯಾಶಾಸ್ತ್ರಕ್ಕೆ ಹೆದರಿ ಹಿಂದೆ ಸರಿದವರಿಗೆ ಈ ಕ್ಷೇತ್ರದಲ್ಲಿ ಅವಕಾಶ ಕಡಿಮೆ. ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ, ಟಿ-ಟೆಸ್ಟ್ ಪದವಿಯಲ್ಲೇ ಗಟ್ಟಿಯಾಗಲಿ. ಜಮೋವಿ ಮತ್ತು ಆರ್ ಎಂಬ ತಂತ್ರಾಂಶಗಳು ಉಚಿತ; ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಕಲಿಯಬಹುದು.

ಹಂತ 5: ಕೆಲಸದ ಮಾದರಿ ಸಿದ್ಧಪಡಿಸಿ

ಪ್ರತಿ ವರ್ಷ ಒಂದು ಸಣ್ಣ ಅಧ್ಯಯನ ಮಾಡಿ. ಊರಿನ ಗ್ರಂಥಾಲಯಕ್ಕೆ ಯುವಕರು ಯಾಕೆ ಬರುವುದಿಲ್ಲ, ಬಸ್ ನಿಲ್ದಾಣದ ಫಲಕ ಎಷ್ಟು ಜನರಿಗೆ ಅರ್ಥವಾಗುತ್ತದೆ, ಇಂಥವು ಸಾಕು. ಭಾಗವಹಿಸುವವರ ಒಪ್ಪಿಗೆ ಪಡೆಯಿರಿ, ಹೆಸರು ಗೋಪ್ಯವಾಗಿಡಿ, ನಾಲ್ಕು ಪುಟದಲ್ಲಿ ವರದಿ ಬರೆಯಿರಿ. ಇಂಗ್ಲಿಷ್ ಪ್ರಶ್ನಾವಳಿಗೆ ಸಂಕೋಚಪಡುವ ರೈತರು, ಗಾರ್ಮೆಂಟ್ ಕಾರ್ಮಿಕರು ಕನ್ನಡದಲ್ಲಿ ಕೇಳಿದರೆ ಮನಬಿಚ್ಚಿ ಮಾತಾಡುತ್ತಾರೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ಕನ್ನಡದಲ್ಲಿ ಹೀಗೆ ಮಾತಾಡಿಸಬಲ್ಲ ಸಾಮರ್ಥ್ಯವನ್ನು ತಮ್ಮ ಅರ್ಹತೆಯಾಗಿ ಬಯೊಡೇಟಾದಲ್ಲಿ ಧೈರ್ಯವಾಗಿ ಬರೆಯಬಹುದು.

ಹಂತ 6: ಎಂ.ಎ. ಯಾವಾಗ, ಎಲ್ಲಿ?

ಮಾನವ ಸಂಪನ್ಮೂಲ ವಿಭಾಗದ ಆರಂಭಿಕ ಹುದ್ದೆಗೆ, ಸಮೀಕ್ಷೆಯ ಕೆಲಸಕ್ಕೆ ಪದವಿಯಿಂದಲೇ ಪ್ರವೇಶ ಸಿಗುವುದುಂಟು. ಪರೀಕ್ಷೆ ರೂಪಿಸುವ, ಸಂಶೋಧನೆ ಮಾಡುವ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಕ್ಯಾಂಪಸ್‌ನಲ್ಲಿ ಆನ್ವಯಿಕ ಮನೋವಿಜ್ಞಾನದ ಎಂ.ಎ. ಇದೆ, ಪ್ರವೇಶ ಸಿಯುಇಟಿ-ಪಿಜಿ ಪರೀಕ್ಷೆಯ ಮೂಲಕ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲೂ ಮನೋವಿಜ್ಞಾನ ವಿಭಾಗಗಳಿವೆ. ಬೋಧನೆ, ಸಂಶೋಧನೆಯತ್ತ ಒಲವಿರುವವರು ಯುಜಿಸಿ-ನೆಟ್ ಅನ್ನು ಈ ವಿಷಯದಲ್ಲೇ ಬರೆಯಬಹುದು; ಗೇಟ್ ಪರೀಕ್ಷೆಯ ಮಾನವಿಕ ವಿಭಾಗದಲ್ಲೂ ಮನೋವಿಜ್ಞಾನಕ್ಕೆ ಅವಕಾಶವಿದೆ.

ಶುಲ್ಕ ಕಟ್ಟುವ ಮುನ್ನ ವಿಭಾಗದ ಮುಖ್ಯಸ್ಥರನ್ನು ಕಂಡು ನಾಲ್ಕು ಪ್ರಶ್ನೆ ಕೇಳಿ: ಔದ್ಯೋಗಿಕ ಮನೋವಿಜ್ಞಾನದ ಪತ್ರಿಕೆ ಎಷ್ಟನೇ ಸೆಮಿಸ್ಟರ್‌ನಲ್ಲಿದೆ? ವಾರಕ್ಕೆ ಎಷ್ಟು ಗಂಟೆ ಲ್ಯಾಬ್? ಇಂಟರ್ನ್‌ಶಿಪ್ ಕಡ್ಡಾಯವೇ, ಆಸ್ಪತ್ರೆ ಬಿಟ್ಟು ಬೇರೆ ಕಡೆ ಮಾಡಲು ಅನುಮತಿ ಇದೆಯೇ? ಕಳೆದ ಬಾರಿ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಸಿಗುವ ಹೆಸರುಗಳಲ್ಲಿ ಇಬ್ಬರಿಗಾದರೂ ಫೋನ್ ಮಾಡಿ ವಿಚಾರಿಸಿದ ನಂತರವೇ ಅರ್ಜಿ ತುಂಬಿ.