ಗಪ್ಪಿಯ ಹೊಟ್ಟೆಯಡಿ ಕೆಂಪು ಎಳೆ

ಅಕ್ವೇರಿಯಂ ಮೀನುಗಳ ಜಂತುಹುಳು ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಈ ಬಾರಿ ಉತ್ತರಿಸುತ್ತಿದ್ದೇನೆ. ಹೆಚ್ಚಿನವರು ಬರೆದದ್ದು ಔಷಧಿ ಹಾಕಿ ಆದ ಮೇಲೆ. ಹಾಕುವ ಮೊದಲೇ ಬರೆದರೆ ಇಬ್ಬರಿಗೂ ಕೆಲಸ ಹಗುರ.

ಪ್ರಶ್ನೆ: ನಮ್ಮ ಎರಡಡಿ ಟ್ಯಾಂಕಿನಲ್ಲಿ ಗಪ್ಪಿಗಳಿವೆ. ಕೆಲವು ಹೆಣ್ಣು ಮೀನುಗಳ ಗುದದ್ವಾರದಿಂದ ಕೆಂಪು ಎಳೆಗಳು ಇಣುಕುತ್ತವೆ. ಮೀನು ಸುಮ್ಮನೆ ನಿಂತಾಗ ಕಾಣುತ್ತವೆ, ಈಜಲು ಶುರು ಮಾಡಿದರೆ ಒಳಗೆ ಸೇರಿಕೊಳ್ಳುತ್ತವೆ. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದೆ, ಕಲ್ಲುಪ್ಪು ಹಾಕಿದೆ. ಗುಣವಾಗಲಿಲ್ಲ. — ದಾವಣಗೆರೆ

ಗುಣವಾಗುವುದೂ ಇಲ್ಲ. ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ ಇರಬೇಕು. ಅದು ಮೈಮೇಲಿನ ಶಿಲೀಂಧ್ರಕ್ಕೆ, ಮೊಟ್ಟೆಗೆ ಬೂಸ್ಟು ಹತ್ತದಿರುವುದಕ್ಕೆ. ಸಿಹಿನೀರಿನ ಮೀನು ನೀರು ಕುಡಿಯುವುದೇ ತೀರಾ ಕಡಿಮೆ, ಹಾಗಾಗಿ ನೀರಿಗೆ ಹಾಕಿದ ಉಪ್ಪು ಕರುಳಿನ ಹುಳುವನ್ನು ಮುಟ್ಟುವುದಿಲ್ಲ.

ನೀವು ಬರೆದ ಲಕ್ಷಣ ಎಷ್ಟು ಸ್ಪಷ್ಟವಾಗಿದೆ ಎಂದರೆ ಸೂಕ್ಷ್ಮದರ್ಶಕದ ಅಗತ್ಯವೂ ಇಲ್ಲ. ಇದು ಕ್ಯಾಮಲ್ಲಾನಸ್ ಎಂಬ ದುಂಡುಹುಳು. ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ಸಿಗುವ ಪ್ರಭೇದ ಕ್ಯಾಮಲ್ಲಾನಸ್ ಕಾಟಿ; 1927ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ್ದು, ಆಮೇಲೆ ಅಲಂಕಾರಿಕ ಮೀನಿನ ವ್ಯಾಪಾರದ ಜೊತೆಗೇ ಲೋಕ ಸುತ್ತಿತು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳೆಂದರೆ ಅದಕ್ಕೆ ಬಲು ಪ್ರೀತಿ. ಗಟ್ಟಿಯಾದ ಎರಡು ಚಿಪ್ಪಿನಂಥ ಬಾಯಿಯಿಂದ ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ, ಅದಕ್ಕೇ ಆ ಕೆಂಪು. ಚಿಮುಟದಿಂದ ಎಳೆದು ತೆಗೆಯೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಕಚ್ಚಿಕೊಂಡ ಹುಳುವಿನ ಜೊತೆ ಕರುಳೂ ಹರಿಯುತ್ತದೆ.

ಇದನ್ನು ಇಷ್ಟು ಹಟಮಾರಿಯನ್ನಾಗಿ ಮಾಡಿರುವುದು ಅದರ ಸಂತಾನ. ಈ ಹೆಣ್ಣು ಹುಳು ಮೊಟ್ಟೆ ಇಡುವುದಿಲ್ಲ, ಜೀವಂತ ಮರಿಗಳನ್ನೇ ನೀರಿಗೆ ಬಿಡುತ್ತದೆ. ಪ್ರಕೃತಿಯಲ್ಲಿ ಆ ಮರಿಗಳನ್ನು ಸೈಕ್ಲಾಪ್ಸ್‌ನಂಥ ಸಣ್ಣ ಕಠಿಣಚರ್ಮಿಗಳು ತಿನ್ನಬೇಕು, ಅವನ್ನು ಮೀನು ತಿನ್ನಬೇಕು. ಆದರೆ ಸೈಕ್ಲಾಪ್ಸ್ ಇಲ್ಲದ ಗಾಜಿನ ತೊಟ್ಟಿಯಲ್ಲೂ ಕಾಟಿ ಸಂಸಾರ ನಡೆಸಿಕೊಂಡು ಹೋಗುತ್ತದೆ. ತಳದಲ್ಲಿ ಮಿಸುಕುವ ಮರಿಹುಳುಗಳನ್ನು ಗಪ್ಪಿಗಳು ನೇರವಾಗಿ ಹೆಕ್ಕಿ ತಿಂದರೂ ಸೋಂಕು ತಗಲುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಎಳೆ ಕಾಣಿಸಿದ ಮೀನುಗಳನ್ನು ಮಾತ್ರ ಬೇರೆ ಬಕೆಟ್ಟಿಗೆ ಹಾಕಿ ಔಷಧಿ ಕೊಟ್ಟರೆ ಸಾಲದು. ಎಳೆ ಹೊರಗೆ ಕಾಣುವ ಹೊತ್ತಿಗೆ ಮಿಕ್ಕವುಗಳ ಹೊಟ್ಟೆಯಲ್ಲೂ ಹುಳು ಬೆಳೆಯುತ್ತಿರುತ್ತದೆ. ಚಿಕಿತ್ಸೆ ಇಡೀ ಟ್ಯಾಂಕಿಗೆ.

ಔಷಧಿ ಲೆವಮಿಸೋಲ್ ಹೈಡ್ರೋಕ್ಲೋರೈಡ್. ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ, ಅವಧಿ 24 ಗಂಟೆ. ಲೆಕ್ಕ ತಪ್ಪುವುದು ನೀರಿನ ಅಳತೆಯಲ್ಲಿ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60, 30, 30 ಆದರೆ 54 ಲೀಟರ್. ಜಲ್ಲಿ, ಕಲ್ಲುಗಳ ಜಾಗ ಕಳೆದರೆ 50 ಎಂದಿಟ್ಟುಕೊಳ್ಳಿ. ಅಂದರೆ 100 ಮಿಲಿಗ್ರಾಂ. ಅಂಗಡಿಯವರು ಹೇಳಿದ ಟ್ಯಾಂಕಿನ ಅಳತೆಯನ್ನು ನಂಬಬೇಡಿ, ಅವರು ಅಂಚಿನವರೆಗೆ ಎಣಿಸಿರುತ್ತಾರೆ.

ಹಾಕುವ ಮುಂಚೆ ತಳ ಶುಚಿ ಮಾಡಿ, ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆಯಿರಿ, ಇಲ್ಲವಾದರೆ ಅದು ಔಷಧಿಯನ್ನು ಹೀರಿಕೊಳ್ಳುತ್ತದೆ. ಬೆಳಕಿನಲ್ಲಿ ಲೆವಮಿಸೋಲ್‌ನ ಬಲ ಕುಗ್ಗುವುದರಿಂದ ದೀಪ ಆರಿಸಿ ಬಟ್ಟೆ ಹೊದಿಸಿ. ಗಾಳಿಯ ಪಂಪು ಓಡುತ್ತಿರಲಿ.

ಮರುದಿನದ ಕೆಲಸವೇ ಮುಖ್ಯ, ಜನ ಬಿಡುವುದೂ ಅದನ್ನೇ. ಲೆವಮಿಸೋಲ್ ಹುಳುವಿಗೆ ಪಾರ್ಶ್ವವಾಯು ಬರಿಸುತ್ತದೆ. ಹಿಡಿತ ಸಡಿಲಿ ಅದು ಹೊರಬೀಳುತ್ತದೆ. ಬಿದ್ದ ಹುಳು ಸತ್ತಿದೆ ಎಂದೇನಲ್ಲ, ಅದರ ಹೊಟ್ಟೆಯಲ್ಲಿ ಮರಿಗಳಿರುತ್ತವೆ, ಹಸಿದ ಗಪ್ಪಿ ಅದನ್ನು ಶ್ಯಾವಿಗೆಯಂತೆ ನುಂಗಿಬಿಡುತ್ತದೆ. ಆದ್ದರಿಂದ 24 ಗಂಟೆ ಮುಗಿದ ಕೂಡಲೇ ಸೈಫನ್ ನಳಿಗೆಯಿಂದ ಜಲ್ಲಿಯ ಸಂದುಗೊಂದೆಲ್ಲ ಎಳೆದು ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ. ಎರಡು ಮೂರು ವಾರ ಬಿಟ್ಟು ಇಡೀ ವಿಧಿಯನ್ನು ಮತ್ತೊಮ್ಮೆ ಮಾಡಿ, ಎಳೆ ಕಾಣದಿದ್ದರೂ. ಮೊದಲ ಸಲ ತಪ್ಪಿಸಿಕೊಂಡ ಮರಿಗಳು ಅಷ್ಟರಲ್ಲಿ ಮೀನಿನ ಹೊಟ್ಟೆ ಸೇರಿರುತ್ತವೆ. ಬಲೆ, ಪೈಪು, ಬಕೆಟ್ಟುಗಳನ್ನು ಬೇರೆ ಟ್ಯಾಂಕಿಗೆ ಬಳಸಬೇಡಿ. ತೊಳೆದು ಬಿಸಿಲಿನಲ್ಲಿ ಗರಿಗರಿ ಒಣಗಿಸಿ.

ತೀರಾ ಬಳಲಿದ ಒಂದೆರಡು ಮೀನು ಚಿಕಿತ್ಸೆಯ ನಡುವೆ ಸಾಯಬಹುದು. ರಕ್ತ ಕಳೆದುಕೊಂಡ, ಕರುಳು ಗಾಯವಾದ ಮೀನು ಅದು; ಔಷಧಿ ಕೊಂದಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.

ಪ್ರಶ್ನೆ: ಮನೆಯಲ್ಲಿ ಹಸುವಿಗೆ ತಂದ ಜಂತಿನ ಮಾತ್ರೆ ಇದೆ. ಮೇಲೆ ಲೆವಮಿಸೋಲ್ ಎಂದು ಬರೆದಿದೆ. ಚೂರು ಮುರಿದು ಹಾಕಬಹುದೇ? — ಮಂಡ್ಯ

ಪಕ್ಕದಲ್ಲಿ ಇನ್ನೊಂದು ಹೆಸರೂ ಬರೆದಿದೆಯೇ ನೋಡಿ. ದನಗಳ ಲೆವಮಿಸೋಲ್ ಬಹಳಷ್ಟು ಸಲ ಆಕ್ಸಿಕ್ಲೋಜನೈಡ್ ಜೊತೆ ಬರುತ್ತದೆ, ಪಿತ್ತಜನಕಾಂಗದ ಚಪ್ಪಟೆಹುಳುವಿಗಾಗಿ. ಫೆನ್‌ಬೆಂಡಜೋಲ್ ಮಾತ್ರೆಗಳಲ್ಲಿ ಐವರ್‌ಮೆಕ್ಟಿನ್ ಬೆರೆತಿರುವುದೂ ಸಾಮಾನ್ಯ. ದನಕ್ಕೆ ಅವು ಒಳ್ಳೆಯವೇ. ಮೀನಿಗೆ ಮಾತ್ರ ಐವರ್‌ಮೆಕ್ಟಿನ್ ವಿಷ. ಗುಣಪಡಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ. ಜೋಡಿ ಔಷಧಿ ಯಾವುದನ್ನೂ ಟ್ಯಾಂಕಿಗೆ ಹಾಕಬೇಡಿ. ಹಸುವನ್ನು ನೋಡಲು ಬರುವ ಪಶುವೈದ್ಯರಿಗೇ ಹೇಳಿ ಲೆವಮಿಸೋಲ್ ಒಂದೇ ಇರುವುದನ್ನು ಬರೆಸಿಕೊಳ್ಳಿ. ದನದ ತೂಕಕ್ಕೆಂದು ಮಾಡಿದ ಮಾತ್ರೆಯನ್ನು ಕಣ್ಣಳತೆಯಲ್ಲಿ ಮುರಿಯದೆ, ಅಳೆದ ನೀರಿನಲ್ಲಿ ಪೂರ್ತಿ ಕರಗಿಸಿ ಆ ದ್ರಾವಣದಿಂದ ಬೇಕಾದಷ್ಟು ಮಿಲಿಲೀಟರನ್ನು ಸಿರಿಂಜಿನಲ್ಲಿ ತೆಗೆಯುವುದು ಸುರಕ್ಷಿತ.

ಶುದ್ಧ ಫೆನ್‌ಬೆಂಡಜೋಲ್ ಸಿಕ್ಕರೆ ಅದೂ ದುಂಡುಹುಳುವಿಗೆ ಆಗುತ್ತದೆ. ನೀರಿನಲ್ಲಿ ಕರಗದ ಔಷಧಿಯಾದ್ದರಿಂದ ಆಹಾರದಲ್ಲೇ ಕೊಡಬೇಕು: 10 ಗ್ರಾಂ ಆಹಾರಕ್ಕೆ 25 ಮಿಲಿಗ್ರಾಂ, ಜೆಲಟಿನ್‌ನಲ್ಲಿ ಕಲಸಿ, ಮೂರು ದಿನ. ಎರಡು ಮೂರು ವಾರದ ಮೇಲೆ ಇನ್ನೊಮ್ಮೆ. ಟ್ಯಾಂಕಿನಲ್ಲಿ ಬಸವನಹುಳು ಸಾಕಿದ್ದರೆ ಫೆನ್‌ಬೆಂಡಜೋಲ್ ಅವಕ್ಕೆ ಕೆಡುಕು.

ಪ್ರಶ್ನೆ: ಏಂಜೆಲ್ ಮೀನು ದಿನೇದಿನೇ ಸೊರಗುತ್ತಿದೆ. ಹಿಕ್ಕೆ ಬಿಳಿ ದಾರದಂತೆ ಉದ್ದಕ್ಕೆ ನೇತಾಡುತ್ತದೆ. ಇದು ಲಾಡಿಹುಳುವೇ? — ಬೆಂಗಳೂರು

ಸಾಮಾನ್ಯವಾಗಿ ಅಲ್ಲ. ಬಿಳಿ ದಾರ ಹೆಚ್ಚಾಗಿ ಬರೀ ಲೋಳೆ. ಎರಡು ದಿನ ಊಟ ಬಿಟ್ಟ ಮೀನಿನ ಖಾಲಿ ಕರುಳಿನಿಂದಲೂ ಅದೇ ಬರುತ್ತದೆ. ಬಿಳಿ ಹಿಕ್ಕೆ ಕಂಡೊಡನೆ ಜಂತಿನ ಔಷಧಿ ಸುರಿಯುವ ಅಭ್ಯಾಸಕ್ಕೆ ನಾನು ವಿರೋಧಿ. ಮೊದಲು ನೀರಿನ ಅಮೋನಿಯ ನೋಡಿ, ಬೇರೆ ಮೀನು ಅದನ್ನು ಓಡಿಸಿ ಊಟಕ್ಕೆ ಬಿಡದಿದೆಯೇ ನೋಡಿ.

ಅವೆರಡೂ ಸರಿಯಿದ್ದರೆ ಏಂಜೆಲ್, ಡಿಸ್ಕಸ್ ಮೀನುಗಳಲ್ಲಿ ನನ್ನ ಸಂಶಯ ಇಬ್ಬರ ಮೇಲೆ. ಒಂದು ಸ್ಪೈರೋನ್ಯೂಕ್ಲಿಯಸ್. ಇದು ಹುಳುವೇ ಅಲ್ಲ, ಚಾಟಿಯಂಥ ಬಾಲಗಳಿರುವ ಏಕಕೋಶ ಜೀವಿ. ಲೆವಮಿಸೋಲ್ ಇದಕ್ಕೆ ಏನೂ ಮಾಡದು, ಮೆಟ್ರೊನಿಡಜೋಲ್ ಬೇಕು. ಇನ್ನೊಂದು ಕ್ಯಾಪಿಲ್ಲೇರಿಯ, ಕೂದಲಿನಷ್ಟು ಸಣ್ಣ ದುಂಡುಹುಳು, ಹೊರಗೆ ಇಣುಕುವ ಪೈಕಿ ಅಲ್ಲ. ಇದಕ್ಕೆ ಫೆನ್‌ಬೆಂಡಜೋಲ್ ಅಥವಾ ಲೆವಮಿಸೋಲ್. ನಿಜವಾದ ಲಾಡಿಹುಳುವಾದರೆ ಇವು ಯಾವುವೂ ಅಲ್ಲ, ಪ್ರಾಜಿಕ್ವಾಂಟೆಲ್. ಅದು ತಿರುಗಿ ದುಂಡುಹುಳುವಿಗೆ ನಾಟುವುದಿಲ್ಲ. ಮೂರು ಬೇನೆಗೆ ಮೂರು ಔಷಧಿ, ಹೊರಗಿನಿಂದ ನೋಡಿದರೆ ಮೂರರಲ್ಲೂ ಅದೇ ಸೊರಗಿದ ಮೀನು.

ಬಿಡಿಸಿ ಹೇಳುವುದು ಸೂಕ್ಷ್ಮದರ್ಶಕ. ಈಗಷ್ಟೇ ಬಿದ್ದ ಹಿಕ್ಕೆಯ ಚೂರನ್ನು ಟ್ಯಾಂಕಿನ ನೀರಿನ ಹನಿಯಲ್ಲಿಟ್ಟು ನೋಡಿದರೆ, ಎರಡೂ ತುದಿಗೆ ಬಿರಡೆ ಹಾಕಿದಂಥ ಮೊಟ್ಟೆಗಳು ಕ್ಯಾಪಿಲ್ಲೇರಿಯದವು. ಸ್ಪೈರೋನ್ಯೂಕ್ಲಿಯಸ್ ಆದರೆ ಕಣಗಳು ಸರಸರ ಓಡುತ್ತವೆ, ಆದರೆ ಮಾದರಿ ಹಳತಾದಂತೆ ಸತ್ತುಹೋಗುತ್ತವೆ. ಬೆಳಗಿನ ಹಿಕ್ಕೆಯನ್ನು ಸಂಜೆ ತಂದು ಏನೂ ಕಾಣಲಿಲ್ಲ ಎಂದರೆ ಅದಕ್ಕೆ ಅರ್ಥವಿಲ್ಲ. ನಿಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹತ್ತಿರ, ಕರಾವಳಿಯವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು. ಮೊದಲೇ ಫೋನು ಮಾಡಿ, ಹಿಕ್ಕೆಯ ಬದಲು ಮೀನನ್ನೇ ಚೀಲದಲ್ಲಿ ಒಯ್ಯುವುದು ಲೇಸು. ಪಕ್ಕದ ಮನೆಯ ಹುಡುಗನ ಕಾಲೇಜಿನ ಸೂಕ್ಷ್ಮದರ್ಶಕವೂ ಆದೀತು, 100 ಪಟ್ಟು ಹಿಗ್ಗಿಸಿದರೆ ಮೊಟ್ಟೆ ಕಾಣುತ್ತದೆ.

ಮೀನಿಗೆ ಇನ್ನೂ ಹಸಿವಿದ್ದರೆ ಔಷಧಿಯನ್ನು ಆಹಾರದಲ್ಲಿ ಕೊಡುವುದೇ ಮೇಲು. ಬಾಯಿ ಕಟ್ಟಿದ ಮೇಲೆ ನೀರಿನ ಮೂಲಕ ಕೊಡುವುದೊಂದೇ ದಾರಿ, ಫಲವೂ ಅಷ್ಟಕ್ಕಷ್ಟೇ.

ಪ್ರಶ್ನೆ: ಬೆಳ್ಳುಳ್ಳಿ ರಸ, ಬೇವಿನ ಸೊಪ್ಪು ಹಾಕಿದರೆ ಹುಳು ಸಾಯುತ್ತದಂತೆ, ಹೌದೇ? — ಶಿರಸಿ

ಬೆಳ್ಳುಳ್ಳಿ ಬೆರೆಸಿದ ಆಹಾರವನ್ನು ಕೆಲವು ಮೀನು ಆಸೆಪಟ್ಟು ತಿನ್ನುತ್ತವೆ, ಔಷಧಿಯ ಕಹಿ ಮುಚ್ಚಲು ಒಳ್ಳೆಯದು. ಹುಳು ಕೊಲ್ಲುತ್ತದೆಂದು ಕಾಯಬೇಡಿ. ಬೇವು ಬೇಡವೇ ಬೇಡ, ಪ್ರಮಾಣ ಮೀರಿದರೆ ಮೀನಿಗೇ ವಿಷ.

ಪ್ರಶ್ನೆ: ಗಾಜಿನ ಮೇಲೆ ಸಣ್ಣ ಬಿಳಿ ಹುಳುಗಳು ಹರಿದಾಡುತ್ತಿವೆ. ಮಗು ಟ್ಯಾಂಕಿಗೆ ಕೈ ಹಾಕುತ್ತಾನೆ. ಅವನಿಗೂ ಹತ್ತುತ್ತದೆಯೇ? — ಹಾಸನ

ಅವು ಕೊಳೆ ತಿಂದು ಬದುಕುವ ಹುಳುಗಳು, ಮೀನಿನ ಹೊಟ್ಟೆಯವಲ್ಲ. ಆಹಾರ ಹೆಚ್ಚು ಹಾಕುತ್ತಿದ್ದೀರಿ ಎಂದು ಹೇಳುತ್ತಿವೆ. ಕಡಿಮೆ ಮಾಡಿ, ಜಲ್ಲಿ ಶುಚಿ ಮಾಡಿ, ತಾವಾಗಿ ಇಳಿಯುತ್ತವೆ. ಕ್ಯಾಮಲ್ಲಾನಸ್ ಕೂಡ ಮನುಷ್ಯರಿಗೆ ಬರುವುದಿಲ್ಲ. ಟ್ಯಾಂಕಿನ ನೀರಿನಲ್ಲಿ ಎಚ್ಚರ ಬೇಕಾದದ್ದು ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾಕ್ಕೆ. ಕೈಯ ಗಾಯದೊಳಗೆ ಸೇರಿ ಬೇಗ ಮಾಯದ ಗಂಟು ಮಾಡುತ್ತದೆ. ಗಾಯವಿದ್ದಾಗ ಕೈ ಹಾಕದಿರಲಿ, ಹಾಕಿದ ಮೇಲೆ ಸೋಪಿನಿಂದ ತೊಳೆಯಲಿ. ಸೈಫನ್ ಪೈಪನ್ನು ನೀವೂ ಬಾಯಿಂದ ಎಳೆಯಬೇಡಿ.

ಪ್ರಶ್ನೆ: ಹುಳು ಬಂದ ಗಪ್ಪಿಗಳನ್ನು ಸಾಕಲು ಮನಸ್ಸಿಲ್ಲ, ಕೊಲ್ಲಲೂ ಮನಸ್ಸಿಲ್ಲ. ಊರ ಕೆರೆಗೆ ಬಿಡಲೇ? — ತುಮಕೂರು

ಬಿಡಬೇಡಿ. ಹವಾಯಿ ದ್ವೀಪಗಳ ತೊರೆಗಳಿಗೆ ಹೊರಗಿನಿಂದ ತಂದು ಬಿಟ್ಟ ಗಪ್ಪಿಯ ಬಳಗದ ಮೀನುಗಳೊಂದಿಗೆ ಇದೇ ಕಾಟಿ ಹುಳು ಹೋಗಿ, ಈಗ ಅಲ್ಲಿನ ಸ್ಥಳೀಯ ಗೋಬಿ ಮೀನುಗಳ ಕರುಳಲ್ಲಿ ನೆಲೆಸಿದೆ. ಕೆರೆಯಲ್ಲಿ ಸೈಕ್ಲಾಪ್ಸ್‌ಗೆ ಬರವಿಲ್ಲ, ಹುಳುವಿಗೆ ಬೇಕಾದದ್ದೆಲ್ಲ ಅಲ್ಲಿದೆ. ಔಷಧಿ ಹಾಕಿ ತೆಗೆದ ನೀರನ್ನೂ ಕೆರೆಗೋ ಬಾವಿಗೋ ಚೆಲ್ಲಬೇಡಿ, ಒಳಚರಂಡಿಗೆ ಹೋಗಲಿ. ಎರಡು ಸುತ್ತು ಲೆವಮಿಸೋಲ್ ಮುಗಿಸಿ, ಆಮೇಲೆ ಎರಡು ತಿಂಗಳು ಎಳೆ ಕಾಣದಿದ್ದರೆ ಸಾಕುವವರಿಗೆ ಕೊಡಿ, ಹುಳು ಬಂದಿತ್ತೆಂದು ಹೇಳಿಯೇ ಕೊಡಿ.